ಮನೆ ಡಾಕ್ಟರ್ ಯಾರಾಗಬೇಕು? ಸ್ಟಾರ್ ನೋಡಿ ಆರಿಸುವ ಮುನ್ನ

ಆಪರೇಷನ್ ಮಾಡಿಸಬೇಕು ಅಂದರೆ ಹತ್ತು ಜನರನ್ನು ವಿಚಾರಿಸುತ್ತೇವೆ. ಸರ್ಜನ್ ಯಾರು, ಅನುಭವ ಎಷ್ಟು, ಆಸ್ಪತ್ರೆ ಹೇಗಿದೆ, ಎಲ್ಲ ಕೇಳಿ ತಿಳಿದುಕೊಳ್ಳುತ್ತೇವೆ. ಜ್ವರ, ಕೆಮ್ಮು, ಬಿಪಿ, ಶುಗರ್, ಬೆನ್ನುನೋವು, ಮಗುವಿನ ಲಸಿಕೆ, ನಿದ್ದೆ ಬಾರದ ಕಾಟ, ಇವಕ್ಕೆಲ್ಲ ಮೊದಲು ಹೋಗುವ ಡಾಕ್ಟರನ್ನು ಆರಿಸುವಾಗ ಮಾತ್ರ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತಿರ ಇದೆ, ರಶ್ ಕಡಿಮೆ, ಇಂಟರ್‌ನೆಟ್‌ನಲ್ಲಿ ಜನ ಕೊಟ್ಟ ಸ್ಟಾರ್ ಜಾಸ್ತಿ. ಮುಗಿಯಿತು. ಸರ್ಜನ್ ಮುಖ ನೋಡುವುದು ಒಂದೋ ಎರಡೋ ಸಲ. ಈ ಡಾಕ್ಟರ ಮುಖವನ್ನು ವರ್ಷಗಟ್ಟಲೆ ನೋಡಬೇಕು, ಅಲ್ವಾ?

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲಿನಿಕ್‌ನಿಂದ ಎಷ್ಟು ಖುಷಿಯಾಗಿ ಹೊರಗೆ ಬಂದಿರಿ ಅನ್ನೋದಕ್ಕಿಂತ, ಒಳಗೆ ಆದ ತೀರ್ಮಾನದಲ್ಲಿ ನಿಮ್ಮ ಪಾಲು ಎಷ್ಟಿತ್ತು ಅನ್ನೋದನ್ನು ನೋಡಿ. ಪಾಲು ಸಿಗುವ ಕಡೆ ವರ್ಷಗಟ್ಟಲೆ ಉಳಿಯಿರಿ. ಸಿಗದ ಕಡೆ, ಅದು ಪಕ್ಕದ ಬಾಗಿಲೇ ಆಗಿರಲಿ, ಉಳಿಯಬೇಕಾದ ಹಂಗಿಲ್ಲ. ಯಾಕೆ ಅನ್ನೋದನ್ನೂ, ಯಾವ ಬಗೆಯ ಕ್ಲಿನಿಕ್ ಯಾರಿಗೆ ಹೊಂದುತ್ತದೆ ಅನ್ನೋದನ್ನೂ ನೋಡೋಣ.

ಸ್ಟಾರ್‌ಗಳು ಹೇಳುವುದೆಷ್ಟು?

ತೃಪ್ತಿ ನಿಂತಿರುವುದು ನಿರೀಕ್ಷೆಯ ಮೇಲೆ. ಏನೂ ನಿರೀಕ್ಷೆ ಇಲ್ಲದೆ ಹೋದವರಿಗೆ ಡಾಕ್ಟರ್ ತಲೆ ಎತ್ತಿ ನಕ್ಕರೂ ಐದು ಸ್ಟಾರ್. ಸ್ಕ್ಯಾನ್ ಬರೆಸಿಕೊಂಡೇ ಬರಬೇಕು ಅಂತ ಹೊರಟವರಿಗೆ, 'ಸ್ಕ್ಯಾನ್ ಬೇಡ, ಎರಡು ವಾರ ನೋಡೋಣ' ಅಂದ ಒಳ್ಳೆಯ ಡಾಕ್ಟರ್‌ಗೂ ಒಂದೇ ಸ್ಟಾರ್. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಗಾದೆ ಇದೆಯಲ್ಲ, ಸ್ಟಾರ್ ಜಾಸ್ತಿ ಇರುವ ಕಡೆ ಎಷ್ಟೋ ಸಲ ನಡೆಯುವುದು ಅದೇ. ಕೇಳಿದ್ದು ಸಿಕ್ಕಿರುತ್ತದೆ. ಬೇಕಾಗಿದ್ದು ಅದೇನಾ ಅನ್ನೋದು ಬೇರೆ ಪ್ರಶ್ನೆ.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಬ್ರಿಟನ್ನಿನ ಪಾಲ್ ಲಿಟ್ಲ್ ಮತ್ತು ಸಂಗಡಿಗರು 1997ರಲ್ಲಿ ಗಂಟಲುನೋವಿನ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. 700ಕ್ಕೂ ಹೆಚ್ಚು ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಅಂದೇ ಆಂಟಿಬಯೋಟಿಕ್. ಇನ್ನೊಂದಕ್ಕೆ ಇಲ್ಲವೇ ಇಲ್ಲ. ಮೂರನೆಯದಕ್ಕೆ 'ಮೂರು ದಿನ ನೋಡಿ, ಆಮೇಲೂ ಕಡಿಮೆಯಾಗದಿದ್ದರೆ ತಗೊಳ್ಳಿ' ಅನ್ನುವ ಸಲಹೆ. ಗುಣವಾಗುವುದರಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಕಂಡಿದ್ದು ಬೇರೆ ಕಡೆ. ಅಂದೇ ಮಾತ್ರೆ ಸಿಕ್ಕವರಲ್ಲಿ ಹೆಚ್ಚು ಜನ, ಮುಂದಿನ ಸಲ ಗಂಟಲು ನೋವಾದರೂ ಡಾಕ್ಟರ ಹತ್ತಿರ ಬರುತ್ತೇವೆ ಅಂದರು. ಮಾತ್ರೆ ಕೊಟ್ಟು ಕಳಿಸಿದ್ದೇ ಅವರನ್ನು ಮತ್ತೆ ಬರುವಂತೆ ಮಾಡಿತು. ಕ್ಲಿನಿಕ್‌ನ ಲೆಕ್ಕದಲ್ಲಿ ಇದು 'ನಿಷ್ಠೆ'. ರೋಗಿಯ ಲೆಕ್ಕದಲ್ಲಿ ಸುಮ್ನೆ ಒಂದು ಓಡಾಟ. ಇನ್ನೊಂದು ವಿಷಯವೂ ಅದೇ ಪ್ರಯೋಗದಲ್ಲಿ ಸಿಕ್ಕಿತು: ತೃಪ್ತಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದದ್ದು ತಮ್ಮ ಆತಂಕಕ್ಕೆ ಡಾಕ್ಟರ್ ಎಷ್ಟು ಚೆನ್ನಾಗಿ ಕಿವಿಗೊಟ್ಟರು ಅನ್ನೋದು.

2012ರಲ್ಲಿ ಅಮೆರಿಕದಲ್ಲಿ ಜೋಷುವಾ ಫೆಂಟನ್ ತಂಡ ಸುಮಾರು 52 ಸಾವಿರ ಜನರ ಮಾಹಿತಿ ತೆಗೆದು ನೋಡಿತು. ತಮ್ಮ ಡಾಕ್ಟರ ಬಗ್ಗೆ ಅತಿ ಹೆಚ್ಚು ತೃಪ್ತಿ ಇದ್ದವರು ಎಮರ್ಜೆನ್ಸಿಗೆ ಹೋಗಿದ್ದು ಕಡಿಮೆ, ನಿಜ. ಆದರೆ ಅವರ ಒಟ್ಟು ಖರ್ಚು ಸುಮಾರು 9% ಜಾಸ್ತಿ ಇತ್ತು, ಸಾವಿನ ಪ್ರಮಾಣ 26% ಜಾಸ್ತಿ ಇತ್ತು. ತೃಪ್ತಿಯಿಂದಲೇ ಸತ್ತರು ಅಂತ ಇದರ ಅರ್ಥ ಅಲ್ಲ. ಎರಡೂ ಜೊತೆಗೆ ಕಂಡವು, ಅಷ್ಟೇ. ಆದರೂ 'ರೋಗಿಗೆ ಖುಷಿ ಇದ್ದರೆ ಚಿಕಿತ್ಸೆ ಚೆನ್ನಾಗಿದೆ ಅಂತಲೇ ಲೆಕ್ಕ' ಅನ್ನುವವರನ್ನು ಒಂದು ಕ್ಷಣ ನಿಲ್ಲಿಸುವಂಥ ಅಂಕಿ ಇದು.

ಹಾಗಂತ ಸ್ಟಾರ್‌ಗಳನ್ನು ತಿಪ್ಪೆಗೆ ಎಸೆಯಬೇಕಿಲ್ಲ. ಕಾಯುವ ಹೊತ್ತು, ಚೊಕ್ಕತನ, ಫೋನ್ ಎತ್ತುತ್ತಾರಾ, ಕೌಂಟರ್‌ನಲ್ಲಿ ಕೂತವರು ರೇಗುತ್ತಾರಾ, ಇವನ್ನೆಲ್ಲ ಜನ ಸರಿಯಾಗೇ ಬರೆಯುತ್ತಾರೆ. ಓದುವಾಗ 'ಸೂಪರ್ ಡಾಕ್ಟರ್', 'ವೇಸ್ಟ್' ಅನ್ನುವ ಸಾಲುಗಳನ್ನು ದಾಟಿಕೊಂಡು ಹೋಗಿ. ಏನು ನಡೆಯಿತು ಅಂತ ಬರೆದವರ ಮಾತು ಹುಡುಕಿ. 'ರಿಪೋರ್ಟ್ ಮುಂದಿಟ್ಟುಕೊಂಡು ಒಂದೊಂದೇ ವಿವರಿಸಿದರು', 'ಹಳೇ ಮಾತ್ರೆ ಯಾಕೆ ನಿಲ್ಲಿಸಿದರು ಅಂತ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ', ಇಂಥ ಒಂದು ಸಾಲು ಐವತ್ತು ಸ್ಟಾರ್‌ಗಿಂತ ಉಪಯೋಗಕ್ಕೆ ಬರುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2013ರಿಂದ ರೋಗಿಗಳಿಗೆ ಕೇಳುತ್ತಿದ್ದದ್ದು, ಈ ಸೇವೆಯನ್ನು ನಿಮ್ಮವರಿಗೆ ಶಿಫಾರಸು ಮಾಡುತ್ತೀರಾ ಅಂತ. 2020ರಲ್ಲಿ ಅದನ್ನು ಬಿಟ್ಟು, ನಿಮ್ಮ ಅನುಭವ ಹೇಗಿತ್ತು ಅಂತ ಕೇಳತೊಡಗಿತು. ಅನುಭವ ಕೇಳಿದರೆ ಏನಾಯಿತು ಅಂತ ಹೇಳಲು ಬಾಯಿ ಬರುತ್ತದೆ.

ಯಾವ ಬಗೆಯ ಕ್ಲಿನಿಕ್?

ಪ್ರಾಥಮಿಕ ಚಿಕಿತ್ಸೆ, ಅಂದರೆ ಇಂಥ ಮನೆ ಡಾಕ್ಟರು ಕೊಡುವ ಚಿಕಿತ್ಸೆಯ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಬಾರ್ಬರಾ ಸ್ಟಾರ್‌ಫೀಲ್ಡ್, ಅದರಲ್ಲಿ ನಾಲ್ಕು ಗುಣ ಇರಬೇಕು ಅಂತ ಗುರುತಿಸಿದ್ದರು. ಏನೇ ಆದರೂ ಮೊದಲು ಹೋಗಲು ಸಿಗುವ ಜಾಗ ಆಗಿರಬೇಕು. ಕಾಲಕಾಲಕ್ಕೂ ಅದೇ ಸಂಬಂಧ ಮುಂದುವರಿಯಬೇಕು. ಬಹುಪಾಲು ತೊಂದರೆಗಳನ್ನು ಅಲ್ಲೇ ನೋಡುವಂತಿರಬೇಕು. ಬೇರೆ ಕಡೆ ಕಳಿಸಿದಾಗಲೂ ಎಲ್ಲವನ್ನೂ ಒಂದೇ ಕಡೆ ಜೋಡಿಸಿ ನೋಡುವವರು ಇರಬೇಕು. ಯಾವ ಬಗೆಯ ಕ್ಲಿನಿಕ್ಕೂ ನಾಲ್ಕನ್ನೂ ಪೂರ್ತಿ ಕೊಡುವುದಿಲ್ಲ. ಎಲ್ಲಿ ಯಾವುದು ಕಡಿಮೆ ಬೀಳುತ್ತದೆ ಅನ್ನೋದೇ ಹೋಲಿಕೆ.

ಒಬ್ಬರೇ ಡಾಕ್ಟರ್ ಇರುವ ಕ್ಲಿನಿಕ್. ಇಲ್ಲಿನ ದೊಡ್ಡ ಲಾಭ, ಪ್ರತಿ ಸಲವೂ ಮೊದಲಿನಿಂದ ಕತೆ ಹೇಳಬೇಕಾಗಿಲ್ಲ. ಯಾವ ಮಾತ್ರೆ ಆಗುವುದಿಲ್ಲ, ಮನೆಯಲ್ಲಿ ಯಾರಿಗೆ ಹೃದಯದ ತೊಂದರೆ ಇತ್ತು, ಹೋದ ಸಲ ಹೇಗೆ ಕಾಣುತ್ತಿದ್ದಿರಿ, ಇವೆಲ್ಲ ಡಾಕ್ಟರ ತಲೆಯಲ್ಲೇ ಇರುತ್ತವೆ. ಇದು ಬರೀ ಅನುಕೂಲದ ಮಾತಲ್ಲ. ಡೆನಿಸ್ ಪೆರೇರಾ ಗ್ರೇ ಮತ್ತು ಸಂಗಡಿಗರು 2018ರಲ್ಲಿ, ಅದೇ ಡಾಕ್ಟರನ್ನು ನೋಡುತ್ತಿರುವುದಕ್ಕೂ ಸಾವಿನ ಪ್ರಮಾಣಕ್ಕೂ ಇರುವ ನಂಟಿನ ಬಗ್ಗೆ ಆಗಿದ್ದ 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 18ರಲ್ಲಿ, ಡಾಕ್ಟರ್ ಬದಲಾಗುವುದು ಕಡಿಮೆ ಇದ್ದಷ್ಟೂ ಸಾವೂ ಕಡಿಮೆ ಇತ್ತು.

ನಾರ್ವೆಯ ಲೆಕ್ಕ ಇನ್ನೂ ಸ್ಪಷ್ಟ. ಆ ದೇಶದಲ್ಲಿ 2001ರಿಂದ ಪ್ರತಿಯೊಬ್ಬರಿಗೂ ಹೆಸರು ಹಿಡಿದು ಹೇಳಬಹುದಾದ ಒಬ್ಬ ಡಾಕ್ಟರ್ ಇರುವ ವ್ಯವಸ್ಥೆ ಇದೆ. ಅಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ನೋಡಿದಾಗ, ಅದೇ ಡಾಕ್ಟರ ಹತ್ತಿರ 15 ವರ್ಷಕ್ಕೂ ಹೆಚ್ಚು ಇದ್ದವರು, ಒಂದೇ ವರ್ಷದಿಂದ ಇರುವವರಿಗಿಂತ ಕ್ಲಿನಿಕ್ ಮುಚ್ಚಿರುವ ಹೊತ್ತಿನ ಚಿಕಿತ್ಸೆಗೆ ಹೋಗಿದ್ದು ಸುಮಾರು 30% ಕಡಿಮೆ. ತುರ್ತಾಗಿ ಆಸ್ಪತ್ರೆ ಸೇರಿದ್ದು 28% ಕಡಿಮೆ. ಸಾವು 25% ಕಡಿಮೆ. ಇಲ್ಲೂ ಕಾರಣ ಇದೇ ಅಂತ ಮುದ್ರೆ ಒತ್ತಲಾಗದು. ಆದರೆ ವರ್ಷ ಹೆಚ್ಚಾದಂತೆ ಲಾಭವೂ ಹೆಚ್ಚುತ್ತಾ ಹೋಗಿದೆ. ಅದನ್ನು ಕಡೆಗಣಿಸುವುದು ನನಗಂತೂ ಕಷ್ಟ.

ಇದರ ಕೊರತೆಗಳೂ ಸಣ್ಣವಲ್ಲ. ಡಾಕ್ಟರ್ ರಜೆ ಹಾಕಿದರೆ ಬಾಗಿಲು ಮುಚ್ಚಿರುತ್ತದೆ. ದಿನಾ ನೋಡುವ ಮುಖದಲ್ಲಿ ನಿಧಾನವಾಗಿ ಆಗುವ ಬದಲಾವಣೆ ಕಣ್ಣಿಗೆ ಬೀಳದಿರಬಹುದು. ಒಬ್ಬರ ತೀರ್ಮಾನವನ್ನು ಇನ್ನೊಬ್ಬರು ನೋಡುವ ಅವಕಾಶವೂ ಇಲ್ಲ. ಅವರು ನಿವೃತ್ತಿಯಾದ ದಿನ ನಿಮ್ಮ ಇಪ್ಪತ್ತು ವರ್ಷದ ಕತೆಯೂ ಅವರ ಜೊತೆ ಮನೆಗೆ ಹೋಗಬಹುದು. ಬರೆದಿಡುವ ಅಭ್ಯಾಸ ಇರುವ ಡಾಕ್ಟರ್ ಆದರೆ ಮಾತ್ರ ಈ ದಾರಿ ಸರಿ.

ನಾಲ್ಕೈದು ಡಾಕ್ಟರು, ನರ್ಸ್‌ಗಳು, ಪಕ್ಕದಲ್ಲೇ ಲ್ಯಾಬ್ ಇರುವ ಗುಂಪು ಕ್ಲಿನಿಕ್. ಯಾವಾಗ ಹೋದರೂ ಯಾರೋ ಒಬ್ಬರು ಇರುತ್ತಾರೆ. ಕಂಪ್ಯೂಟರಿನಲ್ಲಿ ನಿಮ್ಮ ಫೈಲ್ ಇರುತ್ತದೆ. ತೊಂದರೆ ಏನಂದರೆ, ಫೈಲ್ ನಿಮ್ಮನ್ನು ನೆನಪಿಟ್ಟುಕೊಂಡಷ್ಟಕ್ಕೆ ಡಾಕ್ಟರ್ ನೆನಪಿಟ್ಟುಕೊಂಡ ಹಾಗಾಗುವುದಿಲ್ಲ. ಸೋಮವಾರ ಒಬ್ಬರು ಶುರು ಮಾಡಿದ್ದನ್ನು ಗುರುವಾರ ಇನ್ನೊಬ್ಬರು ನಿಲ್ಲಿಸುತ್ತಾರೆ. ಇದಕ್ಕೆ ಸುಲಭದ ಪರಿಹಾರ ಇದೆ: ಸೇರುವಾಗಲೇ 'ನನಗೆ ಇವರೇ ಆಗಬೇಕು, ಅವರಿಲ್ಲದಾಗ ಇವರು' ಅಂತ ಎರಡು ಹೆಸರು ಬರೆಸಿ. 'ಹಾಗೆಲ್ಲ ಆಗಲ್ಲ, ಯಾರು ಖಾಲಿ ಇದ್ದಾರೋ ಅವರು' ಅನ್ನುವ ಗುಂಪು ಕ್ಲಿನಿಕ್ಕೂ ಕೆಳಗೆ ಹೇಳುವ ಮೂರನೇ ಬಗೆಯೂ ಹೆಚ್ಚುಕಡಿಮೆ ಒಂದೇ. ಒಪ್ಪಿಕೊಂಡರೆ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ, ಅದರಲ್ಲೂ ಮನೆಯಲ್ಲಿ ಬಿಪಿ, ಶುಗರ್, ಅಸ್ತಮಾ ಇರುವವರಿಗೆ.

ಮೂರನೆಯದು ಯಾರು ಬೇಕಾದರೂ ಒಳಗೆ ಹೋಗಿ ತೋರಿಸಿಕೊಂಡು ಬರುವ ಜಾಗ. ಕೈ ಕೊಯ್ದುಕೊಂಡಾಗ, ಕಾಲು ಉಳುಕಿದಾಗ, ಊರಿಂದಾಚೆ ಇದ್ದಾಗ ಇದಕ್ಕಿಂತ ಒಳ್ಳೆಯದಿಲ್ಲ. ಪದೇ ಪದೇ ಬರುವ ತಲೆನೋವಿಗೆ ಇಲ್ಲಿ ಹೋಗಬೇಡಿ. ಪ್ರತಿ ಸಲವೂ ಅದು 'ಮೊದಲನೇ ತಲೆನೋವು' ಆಗಿಬಿಡುತ್ತದೆ.

ಫೋನ್ ಮತ್ತು ವಿಡಿಯೊ ಬಗ್ಗೆ ಜಗಳ ಜಾಸ್ತಿ. ನನ್ನ ಲೆಕ್ಕದಲ್ಲಿ ಅದು ಬೇರೆ ಬಗೆಯ ಡಾಕ್ಟರೇ ಅಲ್ಲ, ಭೇಟಿಯ ಬೇರೆ ದಾರಿ. ನಿಮ್ಮನ್ನು ಬಲ್ಲ ಡಾಕ್ಟರ್ ಆಗಿದ್ದರೆ ರಿಪೋರ್ಟ್ ಮಾತಾಡಲು, ನಡೆಯುತ್ತಿರುವ ಮಾತ್ರೆ ಮುಂದುವರಿಸಲು, ಹೊಸ ಮಾತ್ರೆ ಹೇಗೆ ಹೊಂದುತ್ತಿದೆ ಅಂತ ಹೇಳಲು ಫೋನೇ ಸಾಕು. ಅರ್ಧ ದಿನ ಉಳಿಯುತ್ತದೆ. ಮೊದಲ ಸಲ ಕಾಣಿಸಿಕೊಂಡ ಹೊಟ್ಟೆನೋವು, ಹೊಸ ಗಂಟು, ಮಂಕಾಗಿ ಮಲಗಿರುವ ಮಗು, ಇವಕ್ಕೆ ಡಾಕ್ಟರ ಕೈ ತಾಗಬೇಕು. ಎದೆನೋವು, ಉಸಿರಾಟದ ಕಷ್ಟ ಅಂದರೆ ಫೋನೂ ಬೇಡ, ಕ್ಲಿನಿಕ್ಕೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

ಇನ್ನು ಪ್ರತಿಯೊಂದಕ್ಕೂ ಸ್ಪೆಷಲಿಸ್ಟ್ ಹತ್ತಿರವೇ ಹೋಗುವವರು ಇದ್ದಾರೆ. ಮಂಡಿಗೆ ಒಬ್ಬರು, ಹೊಟ್ಟೆಗೆ ಒಬ್ಬರು, ನಿದ್ದೆಗೆ ಒಬ್ಬರು. ಪ್ರತಿಯೊಬ್ಬರೂ ಅವರವರ ಕೆಲಸದಲ್ಲಿ ನಿಪುಣರೇ ಇರಬಹುದು. ಮೂರು ಚೀಟಿಯ ಹನ್ನೊಂದು ಮಾತ್ರೆಗಳನ್ನು ಒಟ್ಟಿಗೆ ಹರಡಿಕೊಂಡು ನೋಡುವವರು ಮಾತ್ರ ಯಾರೂ ಇರುವುದಿಲ್ಲ.

ಪಾಲು ಅಂದರೆ ಹೇಗಿರುತ್ತದೆ?

ಒಂದೇ ರೋಗಿಯನ್ನು ಎರಡು ಕೋಣೆಯಲ್ಲಿ ಕೂರಿಸಿ ನೋಡಿ. ವಯಸ್ಸು ನಲವತ್ತೈದರ ಆಸುಪಾಸು. ಬಿಪಿ 148/92. ಹೋದ ಸಲವೂ ಹೆಚ್ಚುಕಡಿಮೆ ಇಷ್ಟೇ ಇತ್ತು.

ಮೊದಲ ಕೋಣೆ. "ಬಿಪಿ ಜಾಸ್ತಿ ಇದೆ. ಮಾತ್ರೆ ಬರೆದಿದ್ದೀನಿ, ಬೆಳಿಗ್ಗೆ ಒಂದು. ಉಪ್ಪು ಕಡಿಮೆ ಮಾಡಿ, ವಾಕಿಂಗ್ ಮಾಡಿ. ತಿಂಗಳು ಬಿಟ್ಟು ಬನ್ನಿ." "ಆಯ್ತು ಡಾಕ್ಟ್ರೇ." ಮುಗಿಯಿತು.

ಎರಡನೇ ಕೋಣೆ. "ಎರಡನೇ ಸಲವೂ ಜಾಸ್ತಿ ಬಂದಿದೆ. ಈಗ ಎರಡು ದಾರಿ ಇವೆ. ಇವತ್ತೇ ಮಾತ್ರೆ ಶುರು ಮಾಡಬಹುದು. ಇಲ್ಲಾಂದ್ರೆ ಮೂರು ತಿಂಗಳು ಉಪ್ಪು ಇಳಿಸಿ, ದಿನಾ ನಡೆದು, ಮನೆಯಲ್ಲೇ ಬಿಪಿ ನೋಡಿ ಬರೆದಿಟ್ಟು, ಆಮೇಲೆ ತೀರ್ಮಾನ ಮಾಡಬಹುದು. ನಿಮಗೆ ಶುಗರ್ ಇಲ್ಲ, ಕಿಡ್ನಿ ಚೆನ್ನಾಗಿದೆ, ಹಾಗಾಗಿ ಸ್ವಲ್ಪ ಕಾಯೋಕೆ ಜಾಗ ಇದೆ. ಈ ಮಾತ್ರೆಯಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತೆ, ಅಪಾಯ ಏನಿಲ್ಲ, ಆದರೆ ಹೇಳಿದರೆ ಬದಲಾಯಿಸ್ತೀನಿ. ನಿಮ್ಮ ದಿನ ಹೇಗಿರುತ್ತೆ?"

"ನಂದು ರಾತ್ರಿ ಡ್ರೈವಿಂಗ್ ಡಾಕ್ಟ್ರೇ. ಹಗಲು ಮಲಗ್ತೀನಿ. ಊಟ ಹೊರಗೇ. ಉಪ್ಪು ನನ್ನ ಕೈಯಲ್ಲಿಲ್ಲ, ವಾಕಿಂಗ್ ಅಂತೂ ಸುಳ್ಳು ಹೇಳೋದು ಯಾಕೆ, ಆಗಲ್ಲ."

"ಹಾಗಿದ್ರೆ ಮಾತ್ರೆಯಿಂದಲೇ ಶುರು ಮಾಡೋಣ. ಬೆಳಿಗ್ಗೆ ಅಂತ ಬರೆಯಲ್ಲ. ನೀವು ಎದ್ದ ಮೇಲೆ ಅಂತ ಬರೀತೀನಿ, ಅದು ಸಂಜೆ ಆದರೂ ಸರಿ."

ಎರಡೂ ಕೋಣೆಯಿಂದ ಹೊರಬಿದ್ದದ್ದು ಒಂದೇ ಮಾತ್ರೆ. ಬಾಗಿಲಲ್ಲಿ ನಿಲ್ಲಿಸಿ ಕೇಳಿದರೆ ಇಬ್ಬರೂ ಐದು ಸ್ಟಾರ್ ಕೊಟ್ಟಾರು. ಇಬ್ಬರ ದಾರಿ ಬೇರೆಯಾಗುವುದು ಮೂರು ವಾರ ಆದ ಮೇಲೆ, ಪಾದ ಊದಿಕೊಂಡ ದಿನ. ಮೊದಲನೆಯವರು ಗಾಬರಿಯಾಗಿ ಮಾತ್ರೆ ನಿಲ್ಲಿಸುತ್ತಾರೆ, ಬೈಸಿಕೊಳ್ಳುವುದು ಯಾಕೆ ಅಂತ ಡಾಕ್ಟರಿಗೂ ಹೇಳುವುದಿಲ್ಲ. ಎರಡನೆಯವರು ಫೋನ್ ಮಾಡುತ್ತಾರೆ. ರಾತ್ರಿ ಕೆಲಸದ ವಿಷಯ ಡಾಕ್ಟರ ಯಾವ ಪುಸ್ತಕದಲ್ಲೂ ಇರಲಿಲ್ಲ, ರೋಗಿಯ ಹತ್ತಿರ ಮಾತ್ರ ಇತ್ತು. ಕೇಳಿದ್ದರಿಂದ ಹೊರಬಂತು.

ಪಾಲು ಕೊಡುವುದು ಅಂದರೆ ಎಲ್ಲವನ್ನೂ ರೋಗಿಯ ತಲೆಗೆ ಕಟ್ಟುವುದಲ್ಲ. ಕೈಗೆ ನಾಲ್ಕು ಹಾಳೆ ಕೊಟ್ಟು 'ಓದಿಕೊಂಡು ನೀವೇ ಹೇಳಿ' ಅನ್ನುವ ಡಾಕ್ಟರೂ ಇದ್ದಾರೆ. ಅದು ಜವಾಬ್ದಾರಿಯಿಂದ ನುಣುಚಿಕೊಳ್ಳುವುದು. ಎರಡನೇ ಕೋಣೆಯ ಡಾಕ್ಟರ್ ಕೊನೆಗೆ ತಮ್ಮ ಅಭಿಪ್ರಾಯ ಹೇಳಿದರು, ಗಮನಿಸಿದಿರಾ? ದಾರಿಗಳನ್ನು ತೆರೆದಿಟ್ಟರು, ರೋಗಿಯ ಬದುಕು ಕೇಳಿದರು, ಆಮೇಲೆ ಹೇಳಿದರು. 'ನನಗೆ ಇದೆಲ್ಲ ತಲೆಗೆ ಹೋಗಲ್ಲ, ನೀವೇ ಹೇಳಿಬಿಡಿ ಡಾಕ್ಟ್ರೇ' ಅನ್ನುವುದೂ ರೋಗಿಯ ಹಕ್ಕೇ. ಆದರೆ ಅದನ್ನು ಹೇಳುವ ಅವಕಾಶವಾದರೂ ಸಿಕ್ಕಿರಬೇಕು. ಪ್ರಜ್ಞೆ ತಪ್ಪಿದವರ ಮುಂದೆ, ರಕ್ತ ಸುರಿಯುವಾಗ ಇಷ್ಟೆಲ್ಲ ಮಾತಾಡುತ್ತ ಕೂರಲಾಗದು, ಅದು ಬೇರೆ ವಿಷಯ.

ಆಯ್ಕೆಗಳನ್ನು ತೂಗಿ ನೋಡಲು ಚಿತ್ರ, ಅಂಕಿ ಇರುವ ಕೈಪಿಡಿಗಳು ಸಿಗುತ್ತವೆ. ಇವುಗಳಿಂದ ಏನಾದರೂ ಪ್ರಯೋಜನ ಇದೆಯಾ ಅಂತ 2017ರಲ್ಲಿ, ಆಗಿರುವ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 105 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು. ಅದರಲ್ಲಿದ್ದವರು 31 ಸಾವಿರಕ್ಕೂ ಹೆಚ್ಚು ಜನ. ಕೈಪಿಡಿ ನೋಡಿದವರಿಗೆ ತಿಳಿವಳಿಕೆ ಹೆಚ್ಚಿತ್ತು, ಅಪಾಯ ಎಷ್ಟು ಅನ್ನುವ ಅಂದಾಜು ಹೆಚ್ಚು ಸರಿ ಇತ್ತು, ಏನೂ ತೋಚದೆ ಕೂತವರು ಕಡಿಮೆ ಇದ್ದರು.

'ಇಷ್ಟೆಲ್ಲ ಮಾತಾಡಲು ಡಾಕ್ಟರಿಗೆ ಟೈಮ್ ಎಲ್ಲಿದೆ' ಅನ್ನುವ ಮಾತು ಬಂದೇ ಬರುತ್ತದೆ. ಟೈಮ್ ಕಡಿಮೆ ಅನ್ನೋದು ನಿಜವೇ. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಪ್ರಾಥಮಿಕ ಚಿಕಿತ್ಸೆಯ ಒಂದು ಭೇಟಿ ಬಾಂಗ್ಲಾದೇಶದಲ್ಲಿ ಸರಾಸರಿ 48 ಸೆಕೆಂಡ್, ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ. ಜಗತ್ತಿನ ಅರ್ಧದಷ್ಟು ಜನ ಇರುವ 18 ದೇಶಗಳಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಆದರೆ ಸಿಕ್ಕ ಸಮಯ ಎಲ್ಲಿ ಸೋರುತ್ತದೆ ಅಂತಲೂ ನೋಡಬೇಕು. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕಲ್ ಅಳೆದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ಅಡ್ಡ ಬಾಯಿ ಹಾಕುತ್ತಿದ್ದರು. ಬಿಟ್ಟರೆ ರೋಗಿ ಗಂಟೆಗಟ್ಟಲೆ ಮಾತಾಡಿಬಿಡುತ್ತಾರೆ ಅನ್ನುವ ಹೆದರಿಕೆ. ಸ್ವಿಟ್ಜರ್ಲೆಂಡಿನ ಒಂದು ಹೊರರೋಗಿ ವಿಭಾಗದಲ್ಲಿ ನಿಜಕ್ಕೂ ಬಿಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ರೋಗಿಗಳು ತಾವಾಗೇ ಮಾತು ಮುಗಿಸಲು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡ್. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ಎರಡು ನಿಮಿಷದೊಳಗೆ ಸುಮ್ಮನಾದರು. ಒಂದೂವರೆ ನಿಮಿಷ! ಅಷ್ಟೂ ಕೊಡದ ಕ್ಲಿನಿಕ್‌ನಲ್ಲಿ ಕೊರತೆ ಇರುವುದು ಬರೀ ಸಮಯದ್ದಲ್ಲ.

ಮೊದಲ ಭೇಟಿಯಲ್ಲೇ ಏನು ನೋಡಬಹುದು?

ಸಣ್ಣ ತೊಂದರೆಗೇ ಒಂದು ಸಲ ಹೋಗಿ ಬನ್ನಿ. ದೊಡ್ಡದು ಬರುವವರೆಗೆ ಕಾಯಬೇಡಿ. ಮಾತು ಮುಗಿಯುವವರೆಗೆ ಬಿಟ್ಟರಾ ಅನ್ನೋದು ತಾನಾಗೇ ಗೊತ್ತಾಗುತ್ತದೆ. ಆಮೇಲೆ ಮೂರು ಪ್ರಶ್ನೆ ಕೇಳಿ. ಆಸ್ಟ್ರೇಲಿಯಾದಲ್ಲಿ ಸಂಶೋಧಕರು ಇವನ್ನೇ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದ್ದಾರೆ. ಮಾತನ್ನು ನಿಮ್ಮ ಬಾಯಿಗೆ ಹೊಂದಿಸಿಕೊಳ್ಳಿ:

ನನ್ನ ಮುಂದೆ ಯಾವ್ಯಾವ ದಾರಿ ಇದೆ? (ಏನೂ ಮಾಡದೆ ಕಾಯುವುದೂ ಒಂದು ದಾರಿ.)
ಒಂದೊಂದರಿಂದ ಲಾಭ ಏನು, ತೊಂದರೆ ಏನು?
ನನ್ನಂಥವರಿಗೆ ಆ ಲಾಭವೋ ತೊಂದರೆಯೋ ಆಗುವ ಸಾಧ್ಯತೆ ಎಷ್ಟು?

ಉತ್ತರ ಎಷ್ಟು ಪೂರ್ತಿಯಾಗಿ ಬಂತು ಅನ್ನೋದಕ್ಕಿಂತ ಮುಖ ನೋಡಿ. 'ಗೊತ್ತಿಲ್ಲ, ನೋಡಿ ಹೇಳ್ತೀನಿ' ಅನ್ನುವ ಡಾಕ್ಟರ್ ನನಗೆ ಇಷ್ಟ. 'ನೀವೇನು ಗೂಗಲ್ ಮಾಡಿಕೊಂಡು ಬಂದ್ರಾ' ಅಂತ ಗದರುವವರ ಹತ್ತಿರ ಎರಡನೇ ಸಲ ಬಾಯಿ ಬಿಡಲು ನಿಮಗೇ ಧೈರ್ಯ ಬರುವುದಿಲ್ಲ.

ಕೊನೆಯಲ್ಲಿ ಡಾಕ್ಟರ್ 'ನಾನು ಹೇಳಿದ್ದರಲ್ಲಿ ಮನೆಗೆ ಹೋಗಿ ಏನು ಮಾಡ್ತೀರಿ, ಒಂದ್ಸಲ ಹೇಳಿ ನೋಡೋಣ' ಅಂತ ಕೇಳಿದರೆ ಪರೀಕ್ಷೆ ಮಾಡುತ್ತಿದ್ದಾರೆ ಅಂತ ಬೇಜಾರಾಗಬೇಡಿ. ಡಾಕ್ಟರ್ ಹೇಳಿದ್ದರಲ್ಲಿ 40ರಿಂದ 80% ಅಲ್ಲೇ ಮರೆತುಹೋಗುತ್ತದೆ, ನೆನಪಿದೆ ಅಂದುಕೊಂಡದ್ದರಲ್ಲೂ ಅರ್ಧದಷ್ಟು ತಪ್ಪಾಗಿರುತ್ತದೆ ಅನ್ನೋದು ಬಹಳ ಹಿಂದೆಯೇ ಗೊತ್ತಾಗಿರುವ ವಿಷಯ. ಹೀಗೆ ಕೇಳುವವರು ತಮ್ಮ ವಿವರಣೆಯನ್ನೇ ಪರೀಕ್ಷೆಗೆ ಒಡ್ಡುತ್ತಿದ್ದಾರೆ.

ಬರೆದದ್ದನ್ನು ತೋರಿಸುತ್ತಾರಾ ಅಂತಲೂ ಕೇಳಿ. ಅಮೆರಿಕದ ಮೂರು ಕಡೆ 2010ರಲ್ಲಿ ನೂರಕ್ಕೂ ಹೆಚ್ಚು ಪ್ರಾಥಮಿಕ ಚಿಕಿತ್ಸೆಯ ಡಾಕ್ಟರು ತಮ್ಮ ಟಿಪ್ಪಣಿಗಳನ್ನು ರೋಗಿಗಳೇ ಓದುವಂತೆ ತೆರೆದಿಟ್ಟರು. ರೋಗಿಗಳು ಹೆದರುತ್ತಾರೆ, ಫೋನ್ ಮೇಲೆ ಫೋನ್ ಮಾಡುತ್ತಾರೆ ಅನ್ನುವ ಅಳುಕು ಡಾಕ್ಟರಲ್ಲಿ ಇತ್ತು. ಒಂದು ವರ್ಷ ಆದ ಮೇಲೆ ಕೇಳಿದರೆ, ಉತ್ತರ ಕೊಟ್ಟ ರೋಗಿಗಳಲ್ಲಿ 99% ಇದು ಹೀಗೇ ಮುಂದುವರಿಯಲಿ ಅಂದರು. ಇದನ್ನು ನಿಲ್ಲಿಸಿದ ಡಾಕ್ಟರ್ ಒಬ್ಬರೂ ಇರಲಿಲ್ಲ.

ಉಳಿಯೋದಾ, ಹೇಳೋದಾ, ಬಿಡೋದಾ?

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಒಂದು ವಿಷಯ ಹೇಳಿದ್ದರು. ಸೇವೆ ಕೆಟ್ಟಾಗ ಜನರಿಗೆ ಇರುವುದು ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲ ಬಾಯಿ ಬಿಟ್ಟು ಹೇಳುವುದು. ಯಾವುದನ್ನು ಹಿಡಿಯುತ್ತಾರೆ ಅನ್ನೋದು ಅವರಿಗೆ ಆ ಜಾಗದ ಮೇಲೆ ಇರುವ ನಿಷ್ಠೆಯ ಮೇಲೆ ನಿಂತಿದೆ. ನಿಷ್ಠೆ ಇದ್ದವರು ಹೊರಡುವ ಮುನ್ನ ಒಂದು ಸಲ ಹೇಳಿ ನೋಡುತ್ತಾರೆ. ಕ್ಲಿನಿಕ್‌ಗೆ ಇದನ್ನು ಹಚ್ಚಿ ನೋಡಿದರೆ ತಮಾಷೆಯ ವಿಷಯ ಹೊರಬರುತ್ತದೆ. ಇಪ್ಪತ್ತು ವರ್ಷದಿಂದ ಬರುತ್ತಿರುವ, ಒಂದು ಪ್ರಶ್ನೆಯನ್ನೂ ಕೇಳದ ರೋಗಿಯನ್ನು ಕ್ಲಿನಿಕ್ 'ನಮ್ಮ ಹಳೇ ಪೇಶಂಟ್' ಅಂತ ಹೆಮ್ಮೆಯಿಂದ ತೋರಿಸುತ್ತದೆ. ಅವರು ಬೇರೆ ದಾರಿ ಇಲ್ಲದೆ ಬರುತ್ತಿರಬಹುದು, ಅಭ್ಯಾಸದಿಂದ ಬರುತ್ತಿರಬಹುದು. ಹೋದ ತಿಂಗಳು ಕಾಯಿಸಿದ್ದಕ್ಕೆ ನೇರವಾಗಿ ಬಂದು ಜಗಳ ಆಡಿದ ಇನ್ನೊಬ್ಬ ರೋಗಿ ಇದ್ದಾರಲ್ಲ, ನಿಷ್ಠೆ ಅವರಲ್ಲಿ ಜಾಸ್ತಿ ಇದೆ.

ಹಾಗಾಗಿ ಸಣ್ಣ ಕಿರಿಕಿರಿಗೆಲ್ಲ ಡಾಕ್ಟರ್ ಬದಲಾಯಿಸಬೇಡಿ. ಪ್ರತಿ ಸಲ ಬದಲಾಯಿಸಿದಾಗಲೂ ಆ ನಾರ್ವೆಯ ಲೆಕ್ಕದ ಮೀಟರ್ ಸೊನ್ನೆಗೆ ಹೋಗುತ್ತದೆ. ಮೊದಲು ಹೇಳಿ. ಯಾವ ದಿನ, ಏನಾಯಿತು, ಏನಾಗಬೇಕಿತ್ತು, ಇಷ್ಟು ಸಾಕು. ಹೇಳುವ ದಾರಿಗಳಲ್ಲೂ ವ್ಯತ್ಯಾಸ ಇದೆ. ಗೋಡೆಯ ಮೇಲಿನ ಸಲಹಾ ಪೆಟ್ಟಿಗೆಗೆ ಕೊನೆಯ ಸಲ ಬೀಗ ತೆಗೆದದ್ದು ಯಾವಾಗ ಅಂತ ಕೌಂಟರ್‌ನಲ್ಲಿ ಕೇಳಿ ನೋಡಿ, ಮುಖಗಳು ಹೇಳುತ್ತವೆ. ಮೊಬೈಲ್‌ಗೆ ಬರುವ 'ಒಂದರಿಂದ ಹತ್ತರೊಳಗೆ ಅಂಕ ಕೊಡಿ' ಸಂದೇಶದಿಂದ ಕ್ಲಿನಿಕ್‌ಗೆ ಒಂದು ಸರಾಸರಿ ಸಿಗುತ್ತದೆ, ನಿಮಗೆ ಏನೂ ಸಿಗುವುದಿಲ್ಲ. ಎದುರು ಕೂತು ಹೇಳಿದ್ದಕ್ಕೆ ಅಥವಾ ಎರಡು ಸಾಲು ಬರೆದುಕೊಟ್ಟದ್ದಕ್ಕೆ ಉತ್ತರ ಕೇಳುವ ಹಕ್ಕು ಉಳಿದಿರುತ್ತದೆ.

ಒಬ್ಬರ ದೂರಿಗಿಂತ ಗುಂಪಿನ ಮಾತಿಗೆ ತೂಕ ಜಾಸ್ತಿ. ಬ್ರಿಟನ್ನಿನ ಕೆಲವು ಕ್ಲಿನಿಕ್‌ಗಳಲ್ಲಿ 1972ರಷ್ಟು ಹಿಂದೆಯೇ ರೋಗಿಗಳ ಗುಂಪುಗಳು ಶುರುವಾದವು. ರೋಗಿಗಳೂ ಡಾಕ್ಟರೂ ಒಟ್ಟಿಗೆ ಕೂತು ಸಮಯ, ಫೋನ್, ಕ್ಯೂ ಬಗ್ಗೆ ಮಾತಾಡುತ್ತಿದ್ದರು. ಪ್ರಾಥಮಿಕ ಚಿಕಿತ್ಸೆಯ ಬಗ್ಗೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಹೊರಟ 1978ರ ಆಲ್ಮಾ ಆಟಾ ಘೋಷಣೆ ಇನ್ನೂ ಮುಂದೆ ಹೋಗಿ, ತಮ್ಮ ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲೂ ನಡೆಸುವುದರಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಅಂತ ಬರೆಯಿತು. ನೀವು ನೋಡುತ್ತಿರುವ ಕ್ಲಿನಿಕ್‌ನಲ್ಲಿ ಇಂಥ ಗುಂಪು ಇದೆಯಾ ಅಂತ ಕೇಳುವಾಗಲೇ, ಅವರು ಹೇಳಿದ್ದರಿಂದ ಏನು ಬದಲಾಯಿತು ಅಂತಲೂ ಕೇಳಿ. ಫೋನ್ ಎತ್ತುವ ಹೊತ್ತು ಬದಲಾಯಿತು, ಗಾಲಿಕುರ್ಚಿಗೆ ಇಳಿಜಾರು ಮಾಡಿಸಿದೆವು ಅನ್ನುವಂಥ ಒಂದಾದರೂ ಉತ್ತರ ಬರಬೇಕು. ಬರದಿದ್ದರೆ ಆ ಗುಂಪು ಇರುವುದು ಫೋಟೊಗೆ.

ಕೆಲವು ವಿಷಯಗಳಿಗೆ ಹೇಳುತ್ತ ಕೂರಬಾರದು, ಹೊರಟುಬಿಡಬೇಕು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುತ್ತೇನೆ ಅಂದಾಗ ಸಿಟ್ಟಾಗುವುದು. ನಿಮ್ಮ ರಿಪೋರ್ಟ್ ನಿಮಗೇ ಕೊಡಲು ಸತಾಯಿಸುವುದು. ಬೇರೆಯವರ ಮುಂದೆ ನಿಮ್ಮ ಕಾಯಿಲೆಯ ಹೆಸರು ಕೂಗುವುದು. ಯಾಕೆ ಅಂತ ಹೇಳದೆ ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುವುದು. ಇವು ಹೇಳಿ ಸರಿಯಾಗುವಂಥವಲ್ಲ.

ಬಿಡುವಾಗ ಬರಿಗೈಯಲ್ಲಿ ಬರಬೇಡಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಅಳತೆ ಸಮೇತ ಬರೆಸಿಕೊಳ್ಳಿ. ಯಾವ ಮಾತ್ರೆ ಆಗಲಿಲ್ಲ, ಆಗ ಏನಾಯಿತು ಅಂತಲೂ ಇರಲಿ. ಹಳೇ ಆಪರೇಷನ್‌ಗಳ ಸಾರಾಂಶ, ಲಸಿಕೆಗಳ ವಿವರ, ಎರಡು ವರ್ಷದ ರಕ್ತ ಪರೀಕ್ಷೆ, ಇಸಿಜಿ ಇದ್ದರೆ ಹಳೆಯದೊಂದು. ಹೊಸ ಡಾಕ್ಟರಿಗೆ ಹೊಸ ಇಸಿಜಿಯಷ್ಟೇ ಹಳೇ ಇಸಿಜಿಯೂ ಬೇಕು, ಹೋಲಿಸಿ ನೋಡಲು. ಎಲ್ಲದರ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ. ಹಳೇ ಡಾಕ್ಟರಿಗೆ ಯಾಕೆ ಬಿಡುತ್ತಿದ್ದೀರಿ ಅಂತ ಒಂದು ಸಾಲು ಬರೆದು ಕೊಟ್ಟು ಬನ್ನಿ. ಹೊಸಬರ ಹತ್ತಿರ ಮೊದಲ ದಿನವೇ, ಹಿಂದಿನ ಕಡೆ ಏನು ಸರಿಹೋಗಲಿಲ್ಲ, ಇಲ್ಲಿ ಏನು ಬೇಕು ಅನ್ನೋದನ್ನು ಹೇಳಿಬಿಡಿ.